ಚಿತ್ರದ ಕೆಳಗೆ ಇನ್ನೆರಡು ಸಾಲು: ಚರಿತ್ರೆ ಪುಸ್ತಕ ಮಾಡುವವರಿಗೊಂದು ಬಹಿರಂಗ ಪತ್ರ

ಶಾಲೆಗಳ ಚರಿತ್ರೆ ಪುಸ್ತಕ ಬರೆಯುವ, ತಿದ್ದುವ, ಅಚ್ಚಿಗೆ ಕಳಿಸುವ ಎಲ್ಲ ಹಿರಿಯರಿಗೆ ನಮಸ್ಕಾರ.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವ ಮೇಷ್ಟ್ರು. ಪುಸ್ತಕದಲ್ಲಿ ಯಾವ ರಾಜ ಇರಬೇಕು, ಯಾವ ರಾಜ ಬೇಡ ಅನ್ನುವ ಜಗಳಕ್ಕೆ ಬಂದವನಲ್ಲ. ಅದಕ್ಕೆ ಜನ ಬೇಕಾದಷ್ಟಿದ್ದಾರೆ. ನನ್ನ ಕೋರಿಕೆ ಚಿಕ್ಕದು. ಪಾಠದಲ್ಲಿ ಹಾಕುವ ಚಿತ್ರಗಳ ಕೆಳಗೆ ಇನ್ನೆರಡು ಸಾಲು ಬರೆಯಿರಿ. ಯಾರು ತೆಗೆದರು, ಯಾವತ್ತು ತೆಗೆದರು, ಯಾರಿಗೋಸ್ಕರ ತೆಗೆದರು, ಆಮೇಲೆ ಆ ಚಿತ್ರಕ್ಕೆ ಯಾರಾದರೂ ಕೈ ಹಾಕಿದರಾ. ಇಷ್ಟು ಸಾಕು.

ಈಗ ಸಾಮಾನ್ಯವಾಗಿ ಏನಿರುತ್ತದೆ ಅಂತ ನಿಮಗೂ ಗೊತ್ತು. ಪುಸ್ತಕ ಇರಲಿ, ಗೈಡ್ ಇರಲಿ, ಗೋಡೆಗೆ ನೇತುಹಾಕುವ ಚಾರ್ಟ್ ಇರಲಿ, ಚಿತ್ರದ ಕೆಳಗೆ ‘ಎರಡನೇ ಮಹಾಯುದ್ಧದ ಒಂದು ದೃಶ್ಯ’ ಅಂತ ಇರುತ್ತದೆ. ಯಾವ ದೃಶ್ಯ, ಯಾವ ಊರು, ಯಾರು ಗೆದ್ದಿದ್ದು, ಒಂದೂ ಇಲ್ಲ. ಪಾಠದಲ್ಲಿ ಒಂದು ಇಸವಿ ತಪ್ಪಾದರೆ ಪೇಪರಿನಲ್ಲಿ ಸುದ್ದಿ ಆಗುತ್ತದೆ. ಚಿತ್ರವನ್ನು ಹಾಗೆ ಒರೆಗೆ ಹಚ್ಚಿ ನೋಡುವವರು ಕಡಿಮೆ. ಪರೀಕ್ಷೆ ಮುಗಿದು ಹತ್ತು ವರ್ಷ ಆದ ಮೇಲೆ ಇಸವಿ ಮರೆತಿರುತ್ತದೆ, ಚಿತ್ರ ತಲೆಯಲ್ಲೇ ಇರುತ್ತದೆ.

ಬರ್ಲಿನ್ ಚಿತ್ರದಿಂದಲೇ ಶುರು ಮಾಡುತ್ತೇನೆ. ನಿಮಗೆ ಗೊತ್ತಿರುವ ಚಿತ್ರವೇ. ಹಾಳುಬಿದ್ದ ಊರಿನ ಮೇಲೆ, ಎತ್ತರದ ಕಟ್ಟಡದ ತುದಿಯಿಂದ ಒಬ್ಬ ಸೋವಿಯತ್ ಸೈನಿಕ ಮುಂದಕ್ಕೆ ಬಾಗಿ ಕೆಂಪು ಬಾವುಟ ಹಿಡಿದಿದ್ದಾನೆ. ಕೆಳಗೆ ನಿಂತ ಇನ್ನೊಬ್ಬ, ಅವನು ಬೀಳದ ಹಾಗೆ ಕಾಲಿಗೆ ಆಸರೆ ಕೊಟ್ಟಿದ್ದಾನೆ. ಬೀದಿಯಲ್ಲಿ ಜನ ಇರುವೆಗಳಷ್ಟು ಸಣ್ಣಗೆ ಕಾಣುತ್ತಾರೆ. ಇದನ್ನು ತೋರಿಸಿದಾಗ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದಳು: ‘ಸಾರ್, ಯುದ್ಧ ನಡೀತಿದ್ರೆ ಫೋಟೋ ತೆಗೆಯೋನು ಅಷ್ಟು ಎತ್ತರಕ್ಕೆ ಹೇಗೆ ಹೋದ?’

ಎಂಥ ಪ್ರಶ್ನೆ ನೋಡಿ. ನಮ್ಮ ಪ್ರಶ್ನೆಪತ್ರಿಕೆಯಲ್ಲಿ ಇಂಥದ್ದು ಒಂದೂ ಬರುವುದಿಲ್ಲ. ಅವಳ ಪ್ರಶ್ನೆಗೆ ಉತ್ತರ ಹೇಳಹೊರಟರೆ ಇಡೀ ಪಾಠವೇ ಬಿಚ್ಚಿಕೊಳ್ಳುತ್ತದೆ.

ತೆಗೆದವನು ಯೆವ್ಗೆನಿ ಖಾಲ್ಡೆಯ್, ಸೋವಿಯತ್ ಸುದ್ದಿಸಂಸ್ಥೆ ಟಾಸ್‌ನ ಫೋಟೋಗ್ರಾಫರ್. ತೆಗೆದದ್ದು 1945ರ ಮೇ 2ರಂದು. ಆ ಹೊತ್ತಿಗೆ ಹಿಟ್ಲರ್ ಸತ್ತು ಎರಡು ದಿನವಾಗಿತ್ತು. ಕಟ್ಟಡ ಸೋವಿಯತ್ ಸೇನೆಯ ಕೈಗೆ ಬಂದಿತ್ತು. ಬಾವುಟ ಏರಿಸಿದ್ದು ಇದೇ ಮೊದಲೂ ಅಲ್ಲ. ಏಪ್ರಿಲ್ 30ರ ರಾತ್ರಿಯೇ ಸೈನಿಕರು ಅಲ್ಲಿ ಬಾವುಟ ಹತ್ತಿಸಿದ್ದರು. ಆದರೆ ಕತ್ತಲಲ್ಲಿ, ಗುಂಡಿನ ಮಧ್ಯೆ ಫೋಟೋ ತೆಗೆಯುವವರು ಯಾರು? ಹಾಗಾಗಿ ಹಗಲಲ್ಲಿ ಮತ್ತೆ ಏರಿಸಿದರು. ಖಾಲ್ಡೆಯ್ ತನಗೆ ಬೇಕಾದ ಕೋನ ಸಿಗುವ ತನಕ ಒಂದು ಇಡೀ ರೀಲು ಖರ್ಚು ಮಾಡಿದ.

ಬಾವುಟ ಎಲ್ಲಿಂದ ಬಂತು ಅನ್ನುವುದು ಇನ್ನೂ ಮಜಾ. ಅವನೇ ತಂದಿದ್ದು! ಮಾಸ್ಕೋದಲ್ಲಿ ಟಾಸ್ ಕಚೇರಿಯ ಸಭೆಗಳಲ್ಲಿ ಮೇಜಿನ ಮೇಲೆ ಹಾಸುತ್ತಿದ್ದ ಕೆಂಪು ಬಟ್ಟೆ ಕೇಳಿ ಪಡೆದ. ದರ್ಜಿ ಕೆಲಸ ಗೊತ್ತಿದ್ದ ನೆಂಟರೊಬ್ಬರು ರಾತ್ರಿ ಕೂತು ಅದರಲ್ಲಿ ಮೂರು ಬಾವುಟ ಹೊಲಿದುಕೊಟ್ಟರು. ಕತ್ತಿ ಸುತ್ತಿಗೆಯನ್ನು ಬಿಳಿ ಬಟ್ಟೆಯಲ್ಲಿ ಕತ್ತರಿಸಿ ಹಚ್ಚಿದರು. ಅವನ್ನು ಬರ್ಲಿನ್ನಿಗೆ ಒಯ್ದು ಒಂದನ್ನು ವಿಮಾನ ನಿಲ್ದಾಣದಲ್ಲಿ, ಇನ್ನೊಂದನ್ನು ಬ್ರಾಂಡೆನ್‌ಬರ್ಗ್ ದ್ವಾರದಲ್ಲಿ, ಕೊನೆಯದನ್ನು ಈ ಕಟ್ಟಡದ ಮೇಲೆ ಹಿಡಿಸಿ ಚಿತ್ರ ತೆಗೆದ. ಮೇಜಿನ ಹಾಸು ಚರಿತ್ರೆಗೆ ಸೇರಿದ್ದು ಹೀಗೆ.

ಇನ್ನು ಆ ಕಟ್ಟಡ. ಅದು ರೈಖ್‌ಸ್ಟಾಗ್, ಜರ್ಮನಿಯ ಸಂಸತ್ ಭವನ. ಹಿಟ್ಲರ್ ಅಲ್ಲಿಂದಲೇ ರಾಜ್ಯಭಾರ ಮಾಡುತ್ತಿದ್ದ ಅಂತ ಮಕ್ಕಳು ಅಂದುಕೊಳ್ಳುತ್ತಾರೆ. 1933ರಲ್ಲಿ ಬೆಂಕಿ ಬಿದ್ದ ಮೇಲೆ ಹಿಟ್ಲರ್ ಕಾಲದಲ್ಲಿ ಅಲ್ಲಿ ಸಂಸತ್ತು ಸೇರಲೇ ಇಲ್ಲ. ಎದುರಿಗಿದ್ದ ಕ್ರೋಲ್ ಅನ್ನುವ ಸಂಗೀತ ನಾಟಕದ ಮನೆಯಲ್ಲಿ ಸೇರುತ್ತಿತ್ತು. ಆದರೂ ಸೋವಿಯತ್ ಸೈನಿಕರ ಕಣ್ಣಿಗೆ ಬರ್ಲಿನ್ ಅಂದರೆ ಆ ಗುಮ್ಮಟವೇ. ಗುರಿ ಅಂತ ಒಂದು ಬೇಕಿತ್ತು, ಅದು ಇದಾಯಿತು.

ಈಗ ಚಿತ್ರಕ್ಕೆ ಕೈ ಹಾಕಿದ ಕಥೆ. ಕೆಳಗೆ ನಿಂತು ಆಸರೆ ಕೊಟ್ಟವನ ಎರಡೂ ಕೈಯಲ್ಲಿ ವಾಚು ಇತ್ತು! ಒಂದು ಅವನದೇ ಇರಬಹುದು. ಇನ್ನೊಂದು? ನೋಡಿದವರು ಲೂಟಿ ಮಾಡಿದ್ದು ಅನ್ನದೆ ಬಿಡುತ್ತಾರಾ? ಹಾಗಾಗಿ ಪ್ರಕಟಿಸುವ ಮೊದಲು ಬಲಗೈ ವಾಚನ್ನು ಸೂಜಿಯಿಂದ ಕೆರೆದು ತೆಗೆದರು. ಅದು ವಾಚಲ್ಲ, ಸೇನೆಯವರು ಕೈಗೆ ಕಟ್ಟುವ ದಿಕ್ಸೂಚಿ ಅಂತ ವಾದಿಸುವವರೂ ಇದ್ದಾರೆ. ಏನೇ ಇರಲಿ, ಕೆರೆದದ್ದಂತೂ ನಿಜ. ಹಿನ್ನೆಲೆಯ ಹೊಗೆಯನ್ನೂ ದಟ್ಟ ಮಾಡಿದರು. ಯುದ್ಧದ ಕಳೆ ಬರಬೇಕಲ್ಲ. 1945ರ ಮೇ 13ರ ‘ಒಗೊನ್ಯೋಕ್’ ಪತ್ರಿಕೆಯಲ್ಲಿ ಚಿತ್ರ ಅಚ್ಚಾಯಿತು. ಇವತ್ತು ಇಂಟರ್‌ನೆಟ್ಟಿನಲ್ಲಿ ಎರಡೂ ಸಿಗುತ್ತವೆ, ವಾಚಿರುವುದೂ ಇಲ್ಲದಿರುವುದೂ. ಎರಡನ್ನೂ ಅಕ್ಕಪಕ್ಕ ಇಟ್ಟು ಮಕ್ಕಳಿಗೆ ಕೊಟ್ಟು ನೋಡಿ. ‘ಸಾರ್, ಕೈ ನೋಡಿ, ಕೈ!’ ಅಂತ ಅವರೇ ಕೂಗುತ್ತಾರೆ. ‘ಹೊಂದಿಸಿ ಬರೆಯಿರಿ’ ಅಂದಾಗ ಆ ಉತ್ಸಾಹ ನಾನು ಕಂಡಿಲ್ಲ.

ಹೆಸರಿನ ಕಥೆ ಬೇರೆಯೇ ಇದೆ. ಬಹಳ ವರ್ಷ ಆ ಸೈನಿಕರು ಮಿಖಾಯಿಲ್ ಯೆಗೋರೊವ್ ಮತ್ತು ಮೆಲಿಟನ್ ಕಾಂತಾರಿಯಾ ಅಂತ ಹೇಳಿಕೊಂಡು ಬಂದರು. ಒಬ್ಬ ರಷ್ಯದವನು, ಇನ್ನೊಬ್ಬ ಸ್ಟಾಲಿನ್‌ನ ಹುಟ್ಟೂರಿರುವ ಜಾರ್ಜಿಯಾದವನು. ಅವರು ಆ ರಾತ್ರಿ ಬಾವುಟ ಹತ್ತಿಸಿದವರೇ, ಅದರಲ್ಲಿ ಸುಳ್ಳಿಲ್ಲ. ಆದರೆ ಈ ಚಿತ್ರದಲ್ಲಿರುವವರು ಅವರಲ್ಲ. ಬಾವುಟ ಹಿಡಿದವನು ಕೀವ್‌ನಿಂದ ಬಂದ ಅಲೆಕ್ಸಿ ಕೊವಲ್ಯೊವ್. ಜೊತೆಗಿದ್ದವರು ದಾಗೆಸ್ತಾನದ ಅಬ್ದುಲ್‌ಹಕೀಂ ಇಸ್ಮಾಯಿಲೊವ್ ಮತ್ತು ಮಿನ್ಸ್ಕ್‌ನ ಲಿಯೊನಿದ್ ಗೊರಿಚೆವ್. ಇಸ್ಮಾಯಿಲೊವ್‌ಗೆ ರಷ್ಯಾ ಸರ್ಕಾರ ದೊಡ್ಡ ಬಿರುದು ಕೊಟ್ಟದ್ದು 1996ರಲ್ಲಿ. ಆ ಹೊತ್ತಿಗೆ ಸೋವಿಯತ್ ದೇಶವೇ ಇರಲಿಲ್ಲ. ಇನ್ನು ಖಾಲ್ಡೆಯ್ ಯೆಹೂದಿ. ಯುದ್ಧ ಮುಗಿದು ಮೂರು ವರ್ಷಕ್ಕೆ, 1948ರಲ್ಲಿ, ಅವನನ್ನು ಟಾಸ್ ಕೆಲಸದಿಂದ ತೆಗೆದುಹಾಕಿತು.

ನೋಡಿ, ಒಂದು ಚಿತ್ರ. ಇದರಲ್ಲಿ ಯುದ್ಧ ಇದೆ, ಪ್ರಚಾರ ಇದೆ, ಲೂಟಿ ಇದೆ, ಸ್ಟಾಲಿನ್ ಇದ್ದಾನೆ, ಯೆಹೂದಿಗಳ ಪಾಡು ಇದೆ. ಎರಡು ಪುಟದ ಪಾಠ ಹೇಳಲಾಗದ್ದನ್ನು ಇದೊಂದೇ ಹೇಳುತ್ತದೆ. ನಾವು ಮಾತ್ರ ‘ಒಂದು ದೃಶ್ಯ’ ಅಂತ ಬರೆದು ಮುಂದಕ್ಕೆ ಹೋಗುತ್ತೇವೆ.

ಖಾಲ್ಡೆಯ್‌ಗೆ ಈ ಉಪಾಯ ಹೊಳೆದದ್ದು ಅಮೆರಿಕದ ಇನ್ನೊಂದು ಬಾವುಟದ ಚಿತ್ರ ನೋಡಿ. ಜಪಾನಿನ ಇವೋ ಜಿಮಾ ದ್ವೀಪದ ಸುರಿಬಾಚಿ ಗುಡ್ಡದ ಮೇಲೆ ಆರು ಜನ ಸೇರಿ ಬಾವುಟದ ಕಂಬ ಎತ್ತುತ್ತಿರುವ ಚಿತ್ರ. ಅಸೋಸಿಯೇಟೆಡ್ ಪ್ರೆಸ್‌ನ ಜೋ ರೋಸೆಂಥಾಲ್ 1945ರ ಫೆಬ್ರವರಿ 23ರಂದು ತೆಗೆದದ್ದು. ಇದನ್ನು ನೋಡಿದರೆ ಯುದ್ಧ ಗೆದ್ದಾಯಿತು ಅನಿಸುತ್ತದೆ. ಸೈನ್ಯ ದ್ವೀಪಕ್ಕೆ ಇಳಿದು ಅವತ್ತಿಗೆ ಐದನೇ ದಿನ. ಇನ್ನೂ ಒಂದು ತಿಂಗಳು ಅಲ್ಲಿ ಕಾಳಗ ನಡೆಯಿತು. ಬಾವುಟ ಎತ್ತಿದ ಆರು ಜನರಲ್ಲಿ ಮೂವರು ಅದೇ ದ್ವೀಪದಲ್ಲಿ ಸತ್ತರು.

ಇದೂ ಅವತ್ತಿನ ಎರಡನೇ ಬಾವುಟ. ಬೆಳಿಗ್ಗೆ ಕಟ್ಟಿದ್ದು ಚಿಕ್ಕದಿತ್ತು, ಅದನ್ನು ಇಳಿಸಿ ದೊಡ್ಡದು ಕಟ್ಟಿದರು. ರೋಸೆಂಥಾಲ್ ಕುಳ್ಳ. ಎತ್ತರ ಸಾಲದೆ ಕಲ್ಲು, ಮರಳು ಚೀಲ ಪೇರಿಸಿಕೊಂಡು ಹತ್ತಿದ್ದ. ಅಷ್ಟರಲ್ಲಿ ಕಂಬ ಮೇಲೇಳಲು ಶುರುವಾಯಿತು. ಸರಿಯಾಗಿ ಕಣ್ಣಿಟ್ಟು ನೋಡುವುದಕ್ಕೂ ಪುರಸೊತ್ತಿಲ್ಲದೆ ಕ್ಲಿಕ್ ಮಾಡಿದ. ಆಮೇಲೆ ಸೈನಿಕರನ್ನೆಲ್ಲ ಗುಂಪಾಗಿ ನಿಲ್ಲಿಸಿ ಇನ್ನೊಂದು ತೆಗೆದ. ಕೆಲವು ದಿನ ಕಳೆದು ಯಾರೋ ‘ಆ ಚಿತ್ರಕ್ಕೆ ನಿಲ್ಲಿಸಿದ್ದಾ?’ ಅಂತ ಕೇಳಿದಾಗ ಗುಂಪಿನ ಚಿತ್ರ ಇರಬೇಕು ಅಂದುಕೊಂಡು ಹೌದು ಅಂದುಬಿಟ್ಟ. ಮುಗಿಯಿತು. ನಾಟಕ ಆಡಿಸಿ ತೆಗೆದದ್ದು ಅನ್ನುವ ಅಪವಾದ ಸಾಯುವ ತನಕ ಬೆನ್ನು ಬಿಡಲಿಲ್ಲ. ಬರ್ಲಿನ್ನಿನದು ನಿಜಕ್ಕೂ ನಿಲ್ಲಿಸಿ ತೆಗೆದದ್ದು, ಇದು ಕಣ್ಣೆದುರು ನಡೆದದ್ದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಅಂತಲೇ ಎರಡು ಸಾಲು ಜಾಸ್ತಿ ಕೇಳುತ್ತಿರುವುದು.

ಈ ಆರು ಜನರ ಹೆಸರು ಸರಿಯಾಗಲು 74 ವರ್ಷ ಬೇಕಾಯಿತು. ಚಿತ್ರದಲ್ಲಿ ಮುಖಗಳು ಸರಿಯಾಗಿ ಕಾಣುವುದಿಲ್ಲ. 1947ರಲ್ಲಿ ಒಂದು ಹೆಸರು ತಿದ್ದಿದರು, 2016ರಲ್ಲಿ ಇನ್ನೊಂದು, 2019ರಲ್ಲಿ ಮತ್ತೊಂದು. 2016ರಲ್ಲಿ ಪತ್ತೆಯಾದ ಹೆರಾಲ್ಡ್ ಶುಲ್ಟ್ಸ್ ಲಾಸ್ ಏಂಜಲೀಸ್‌ನಲ್ಲಿ ಅಂಚೆ ಇಲಾಖೆ ಕೆಲಸ ಮಾಡಿಕೊಂಡಿದ್ದು 1995ರಲ್ಲೇ ತೀರಿಕೊಂಡಿದ್ದ. ಪ್ರಪಂಚದಲ್ಲೇ ಅತಿ ಹೆಚ್ಚು ಅಚ್ಚಾದ ಚಿತ್ರಗಳಲ್ಲಿ ಒಂದರಲ್ಲಿ ತಾನಿದ್ದೇನೆ ಅಂತ ಊರಿಗೆಲ್ಲ ಸಾರಿಕೊಂಡು ತಿರುಗಲಿಲ್ಲ. ಅಮೆರಿಕದ ಮೂಲನಿವಾಸಿ ಸೈನಿಕ ಐರಾ ಹೇಸ್‌ಗೆ ಒಂದು ಹೆಸರು ತಪ್ಪಿದೆ ಅಂತ ಮೊದಲೇ ಗೊತ್ತಿತ್ತು. ಮೇಲಿನವರು ಸುಮ್ಮನಿರು ಅಂದರು. ಅವನು ಯುದ್ಧ ಮುಗಿದ ಮೇಲೆ, 1946ರಲ್ಲಿ, ಸತ್ತ ಗೆಳೆಯನ ಅಪ್ಪನನ್ನು ಹುಡುಕಿಕೊಂಡು ಟೆಕ್ಸಾಸ್ ತನಕ ಹೋಗಿ ‘ಚಿತ್ರದಲ್ಲಿರುವುದು ನಿಮ್ಮ ಮಗ’ ಅಂತ ತಿಳಿಸಿ ಬಂದ. ಮುಂದಿನ ವರ್ಷ ಹೆಸರು ತಿದ್ದಿದ್ದು ಅದರಿಂದಲೇ.

ಇದೆಲ್ಲ ಹೊರಗಿನವರ ಕಥೆ, ನಮಗ್ಯಾಕೆ ಅಂತ ನಿಮಗೆ ಅನಿಸಬಹುದು. 1857ಕ್ಕೆ ಬರೋಣ.

ಲಖ್ನೋದ ಸಿಕಂದರ್ ಬಾಗ್ ಚಿತ್ರ. ಕಂಬಗಳ ಮುರುಕು ಕಟ್ಟಡ, ಅಂಗಳದ ತುಂಬ ಚೆಲ್ಲಾಡಿದ ಎಲುಬು, ತಲೆಬುರುಡೆ, ನಡುವೆ ಕೆಲವು ಜನ, ಒಂದು ಕುದುರೆ. ದಂಗೆಯ ಪಾಠ ಅಂದರೆ ಈ ಚಿತ್ರ ಎಲ್ಲಾದರೂ ಬಂದೇ ಬರುತ್ತದೆ. ನೋಡಿದವರು ಕಾಳಗ ಮುಗಿದ ಸಂಜೆಯೇ ತೆಗೆದದ್ದು ಅಂದುಕೊಳ್ಳುತ್ತಾರೆ. ಸ್ವಲ್ಪ ಯೋಚನೆ ಮಾಡಿದರೆ ಗೊತ್ತಾಗುತ್ತದೆ, ಸತ್ತ ಸಂಜೆಯೇ ದೇಹ ಎಲುಬಾಗುತ್ತದಾ?

ಬ್ರಿಟಿಷ್ ಸೇನೆ ಸಿಕಂದರ್ ಬಾಗ್‌ಗೆ ನುಗ್ಗಿದ್ದು 1857ರ ನವೆಂಬರ್ 16ರಂದು. ಒಳಗಿದ್ದ ಸುಮಾರು 2000 ಸಿಪಾಯಿಗಳನ್ನು ಕೊಂದರು. ಚಿತ್ರ ತೆಗೆದ ಫೆಲಿಚೆ ಬಿಯಾಟೊ ಆಗ ಭಾರತದಲ್ಲೇ ಇರಲಿಲ್ಲ. ಅವನು ಕಲ್ಕತ್ತಾಕ್ಕೆ ಬಂದಿಳಿದದ್ದು ಮುಂದಿನ ಫೆಬ್ರವರಿಯಲ್ಲಿ. ಲಖ್ನೋ ತಲುಪುವಷ್ಟರಲ್ಲಿ ಕೊಲೆ ನಡೆದು ತಿಂಗಳುಗಳು ಕಳೆದಿದ್ದವು. ಸತ್ತ ಸಿಪಾಯಿಗಳನ್ನು ಅಲ್ಲೇ ತೋಟದಲ್ಲಿ ಒಂದಿಷ್ಟು ಮಣ್ಣು ಎಳೆದು ಮುಚ್ಚಿದ್ದರು. ಬಿಯಾಟೊ ಆ ಮಣ್ಣು ತೆಗೆಸಿ ಎಲುಬುಗಳನ್ನು ಹೊರಗೆ ಹಾಕಿಸಿ ಫೋಟೋ ತೆಗೆದ ಅಂತ ಆ ಕಾಲದ ಬ್ರಿಟಿಷ್ ಅಧಿಕಾರಿ ಜಾರ್ಜ್ ಕ್ಯಾಂಪ್‌ಬೆಲ್ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ.

ಆ ಕಾಲದ ಕ್ಯಾಮೆರಾಕ್ಕೆ ಅಲ್ಲಾಡುವುದು ಯಾವುದೂ ಸಿಗುತ್ತಿರಲಿಲ್ಲ. ಕಾಳಗ ಸಿಗುತ್ತಿರಲಿಲ್ಲ, ಓಡುವ ಕುದುರೆ ಸಿಗುತ್ತಿರಲಿಲ್ಲ. ಸಿಗುತ್ತಿದ್ದದ್ದು ಕಟ್ಟಡ, ಹೆಣ, ಅಲ್ಲಾಡದೆ ನಿಲ್ಲು ಅಂದರೆ ನಿಲ್ಲುವ ಜನ. ಅಲ್ಲಿ ನಿಂತವರು ನಮ್ಮವರೇ. ಅವರನ್ನು ನಿಲ್ಲಿಸಿದ್ದು, ಚಿತ್ರದಲ್ಲಿ ಜೀವ ಇರಲಿ, ಅಳತೆ ತಿಳಿಯಲಿ ಅಂತ ಇರಬೇಕು. ಆ ಎಲುಬುಗಳ ನಡುವೆ ನಿಂತು ಅವರು ಏನು ಅಂದುಕೊಂಡರೋ. ಬಿಯಾಟೊ ಚಿತ್ರ ಮಾರಿದ್ದು ಬ್ರಿಟಿಷರಿಗೆ. ದಂಗೆ ಎದ್ದವರಿಗೆ ಏನಾಯಿತು ನೋಡಿ ಅಂತ ತೋರಿಸುವ ಚಿತ್ರ ಅದು.

ಈಗ ಅದೇ ಚಿತ್ರವನ್ನು ನಾವು ‘ಸ್ವಾತಂತ್ರ್ಯಕ್ಕಾಗಿ ಮಡಿದವರು’ ಅಂತ ಹಾಕುತ್ತೇವೆ. ಹಾಕಬಾರದು ಅಂತ ನಾನು ಹೇಳುತ್ತಿಲ್ಲ. ಖಂಡಿತ ಹಾಕಿ. ಎಲುಬು ನಿಜವೇ, ಸತ್ತವರು ನಮ್ಮವರೇ. ಆದರೆ ಗೆದ್ದವರು ತಮ್ಮ ಜನಕ್ಕೆ ತೋರಿಸಲು ಜೋಡಿಸಿದ ಚಿತ್ರ ಅನ್ನುವುದನ್ನೂ ಬರೆಯಿರಿ. ಆಗ ಆ ಮಣ್ಣು ತೆಗೆಸಿದ ಕ್ರೌರ್ಯವೂ ಮಕ್ಕಳಿಗೆ ತಿಳಿಯುತ್ತದೆ.

ಫೋಟೋ ಬರುವ ಮುಂಚಿನ ಚಿತ್ರಗಳಿಗೂ ಇದೇ ಮಾತು. ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯಲ್ಲಿ 1780ರ ಪೊಳ್ಳಿಲೂರು ಕದನದ ದೊಡ್ಡ ಚಿತ್ರ ಇದೆ. ಶಾಲೆಯಿಂದ ಟೂರು ಹೋದ ಮಕ್ಕಳೆಲ್ಲ ನೋಡಿರುತ್ತಾರೆ. ಹೈದರ್, ಟಿಪ್ಪು ಆನೆ ಕುದುರೆ ಏರಿ ಠೀವಿಯಿಂದ ಬರುತ್ತಿದ್ದಾರೆ, ಸೋತ ಕರ್ನಲ್ ಬೇಲಿ ಪಲ್ಲಕ್ಕಿಯಲ್ಲಿ ಕೂತಿದ್ದಾನೆ. ಆ ಕದನದಲ್ಲಿ ಸೆರೆ ಸಿಕ್ಕಿದವರಲ್ಲಿ ಡೇವಿಡ್ ಬೇರ್ಡ್ ಅನ್ನುವ ಸ್ಕಾಟ್ಲೆಂಡಿನ ಅಧಿಕಾರಿಯೂ ಒಬ್ಬ. 1784ರ ತನಕ ಶ್ರೀರಂಗಪಟ್ಟಣದಲ್ಲಿ ಬಂದಿಯಾಗಿದ್ದ. 1799ರ ಮೇ 4ರಂದು ಕೋಟೆಗೆ ನುಗ್ಗಿದ ಪಡೆಯ ಮುಂದಾಳು ಇದೇ ಬೇರ್ಡ್. ಅವನು ಸತ್ತ ಮೇಲೆ ಹೆಂಡತಿ ಡೇವಿಡ್ ವಿಲ್ಕಿ ಅನ್ನುವ ಕಲಾವಿದನ ಕೈಲಿ ಭಾರಿ ಚಿತ್ರ ಬರೆಸಿದಳು. ಪಂಜಿನ ಬೆಳಕಲ್ಲಿ ಟಿಪ್ಪುವಿನ ದೇಹ ಬಿದ್ದಿದೆ, ಬೇರ್ಡ್ ಮೇಲೆ ದೇವರ ಹಾಗೆ ನಿಂತಿದ್ದಾನೆ. ಅವನ ಕಾಲ ಬುಡದಲ್ಲಿ ಕಬ್ಬಿಣದ ಸರಳಿನ ಕಿಂಡಿ. ಅದು ಅವನು ಬಂದಿಯಾಗಿದ್ದ ಸೆರೆಮನೆಯದು ಅಂತ ಸೂಚನೆ. ವಿಲ್ಕಿ ಚಿತ್ರ ಮುಗಿಸಿದ್ದು 1839ರಲ್ಲಿ, ಘಟನೆ ನಡೆದು 40 ವರ್ಷ ಆದ ಮೇಲೆ. ಆತ ಭಾರತಕ್ಕೆ ಕಾಲಿಟ್ಟವನೇ ಅಲ್ಲ! ಇತ್ತ ದರಿಯಾ ದೌಲತ್ ಗೋಡೆಗೂ ಟಿಪ್ಪು ಕಾಲದ ನಂತರ ಮತ್ತೆ ಬಣ್ಣ ಬಿದ್ದಿದೆ. ಡಾಲ್‌ಹೌಸಿ ಕಾಲದಲ್ಲಿ ಬ್ರಿಟಿಷರೇ ಅದನ್ನು ಮರಳಿ ಬರೆಸಿದರು. ಟಿಪ್ಪು ಬಗ್ಗೆ ನಾವು ಎಷ್ಟೊಂದು ಕಿತ್ತಾಡುತ್ತೇವೆ. ಬೇರ್ಡ್ ಅನ್ನುವ ಒಬ್ಬನೇ ಮನುಷ್ಯ ಒಂದು ಚಿತ್ರದ ಕದನದಲ್ಲಿ ಸೋತು, ಇನ್ನೊಂದರಲ್ಲಿ ಗೆದ್ದು ನಿಂತಿದ್ದನ್ನು ಅಕ್ಕಪಕ್ಕದ ಪುಟದಲ್ಲಿ ಹಾಕಿ ಎರಡನ್ನೂ ಯಾರು ಬರೆಸಿದರು ಅಂತ ತಿಳಿಸಿದರೆ ಮಕ್ಕಳು ತಾವೇ ಮಾತಾಡಿಕೊಳ್ಳುತ್ತಾರೆ.

ಇನ್ನೊಂದು ಬೇಡಿಕೆ: ದಯವಿಟ್ಟು ಚಿತ್ರವನ್ನು ಕತ್ತರಿಸಬೇಡಿ. ಇದಕ್ಕೆ 1968ರ ಮೆಕ್ಸಿಕೋ ಒಲಿಂಪಿಕ್ಸ್ ಚಿತ್ರಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

200 ಮೀಟರ್ ಓಟದ ಪದಕ ಕೊಡುವ ಹೊತ್ತು, ಅಕ್ಟೋಬರ್ 16. ಅಮೆರಿಕದ ಇಬ್ಬರು ಕರಿಯ ಓಟಗಾರರು ತಲೆ ತಗ್ಗಿಸಿ, ಕಪ್ಪು ಗ್ಲೌಸು ಹಾಕಿದ ಮುಷ್ಟಿ ಮೇಲೆತ್ತಿದ್ದಾರೆ. ಚಿನ್ನ ಗೆದ್ದ ಟಾಮಿ ಸ್ಮಿತ್ ಬಲಗೈ ಎತ್ತಿದ್ದಾನೆ, ಕಂಚಿನ ಜಾನ್ ಕಾರ್ಲೋಸ್ ಎಡಗೈ. ಕಾಲಿಗೆ ಬೂಟಿಲ್ಲ, ಬರೀ ಕಪ್ಪು ಸಾಕ್ಸು. ತಮ್ಮ ಜನರ ಬಡತನ ತೋರಿಸಲು. ಕಾರ್ಲೋಸ್ ಕೊರಳಲ್ಲಿ ಮಣಿಸರ. ಗುಂಪು ಸೇರಿ ಹೊಡೆದು ನೇಣು ಹಾಕಿದ ಕರಿಯರ ನೆನಪಿಗೆ. ಎಷ್ಟೋ ಕಡೆ ಈ ಇಬ್ಬರನ್ನೇ ಉಳಿಸಿಕೊಂಡು ಮುಂದೆ ನಿಂತ ಬಿಳಿಯನನ್ನು ಕತ್ತರಿಸಿ ಹಾಕುತ್ತಾರೆ. ಅವನು ಕೈ ಎತ್ತಿಲ್ಲ, ಸುಮ್ಮನೆ ನೆಟ್ಟಗೆ ನಿಂತಿದ್ದಾನೆ, ಅವನಿಗೂ ಇದಕ್ಕೂ ಸಂಬಂಧ ಇಲ್ಲ ಅನಿಸುತ್ತದೆ.

ಅವನು ಬೆಳ್ಳಿ ಗೆದ್ದ ಆಸ್ಟ್ರೇಲಿಯಾದ ಪೀಟರ್ ನಾರ್ಮನ್. ಚಿತ್ರವನ್ನು ದೊಡ್ಡದು ಮಾಡಿ ಎದೆ ನೋಡಿ. ಮೂವರ ಎದೆಯಲ್ಲೂ ಒಂದೇ ಬ್ಯಾಡ್ಜು. ಕರಿಯ ಆಟಗಾರರ ಹಕ್ಕಿಗಾಗಿ ಕಟ್ಟಿದ್ದ ಸಂಘಟನೆಯದು. ನಾನೂ ಹಾಕಿಕೊಳ್ಳುತ್ತೇನೆ ಅಂತ ನಾರ್ಮನ್ ಕೇಳಿದ. ಅಮೆರಿಕದ ದೋಣಿ ಸ್ಪರ್ಧೆ ತಂಡದ ಬಿಳಿಯ ಹುಡುಗನೊಬ್ಬ ತನ್ನದನ್ನು ಬಿಚ್ಚಿ ಕೊಟ್ಟ. ಒಬ್ಬ ಬಲಗೈ, ಇನ್ನೊಬ್ಬ ಎಡಗೈ ಎತ್ತಿದ್ದಕ್ಕೂ ಕಾರಣ ಇದೆ. ಕಾರ್ಲೋಸ್ ತನ್ನ ಗ್ಲೌಸು ರೂಮಿನಲ್ಲೇ ಬಿಟ್ಟು ಬಂದಿದ್ದ. ಇರುವ ಒಂದೇ ಜೊತೆಯನ್ನು ಹಂಚಿಕೊಳ್ಳಿ ಅಂದವನು ನಾರ್ಮನ್.

ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಗೆ ಆಗ ಅಧ್ಯಕ್ಷರಾಗಿದ್ದವರು ಅಮೆರಿಕದ ಏವರಿ ಬ್ರಂಡೇಜ್. ಆಟದಲ್ಲಿ ರಾಜಕೀಯ ತಂದಿದ್ದಾರೆ ಅಂತ ಸ್ಮಿತ್, ಕಾರ್ಲೋಸ್ ಇಬ್ಬರನ್ನೂ ಹೊರಗೆ ಹಾಕಿಸಿದರು. 1936ರ ಬರ್ಲಿನ್ ಒಲಿಂಪಿಕ್ಸಿನಲ್ಲಿ ಜರ್ಮನ್ನರು ನಾಜಿ ಸಲ್ಯೂಟ್ ಹೊಡೆದಾಗ ಇದೇ ಬ್ರಂಡೇಜ್ ಚಕಾರ ಎತ್ತಿರಲಿಲ್ಲ. ಇನ್ನೊಂದು ವಿಷಯ ಈ ಚಿತ್ರದಲ್ಲಿ ಇಲ್ಲ: ಆಟ ಶುರುವಾಗುವುದಕ್ಕೆ ಹತ್ತು ದಿನ ಮೊದಲು ಮೆಕ್ಸಿಕೋ ನಗರದ ಟ್ಲಾಟೆಲೊಲ್ಕೊ ಚೌಕದಲ್ಲಿ ಪ್ರತಿಭಟನೆಗೆ ಸೇರಿದ್ದ ವಿದ್ಯಾರ್ಥಿಗಳ ಮೇಲೆ ಸರ್ಕಾರ ಗುಂಡು ಹಾರಿಸಿತ್ತು.

ನಾರ್ಮನ್‌ನನ್ನು 1972ರ ಒಲಿಂಪಿಕ್ಸಿಗೆ ಆರಿಸಲಿಲ್ಲ. ಅವನು ಅವತ್ತು ಓಡಿದ 20.06 ಸೆಕೆಂಡು ಆಸ್ಟ್ರೇಲಿಯಾದ ದಾಖಲೆಯಾಗಿ 56 ವರ್ಷ ಉಳಿಯಿತು. 2024ರ ಡಿಸೆಂಬರಿನಲ್ಲಿ ಗೌಟ್ ಗೌಟ್ ಅನ್ನುವ 16ರ ಹುಡುಗ 20.04ರಲ್ಲಿ ಓಡಿ ಅದನ್ನು ಮುರಿದ. 2006ರಲ್ಲಿ ನಾರ್ಮನ್ ತೀರಿಕೊಂಡಾಗ ಶವಪೆಟ್ಟಿಗೆಗೆ ಹೆಗಲು ಕೊಟ್ಟವರು ಸ್ಮಿತ್ ಮತ್ತು ಕಾರ್ಲೋಸ್. 2012ರಲ್ಲಿ ಆಸ್ಟ್ರೇಲಿಯಾದ ಸಂಸತ್ತು ಅವನ ಕ್ಷಮೆ ಕೇಳಿತು. ಸ್ಮಿತ್, ಕಾರ್ಲೋಸ್ ಓದಿದ ಸ್ಯಾನ್ ಹೋಸೆ ವಿಶ್ವವಿದ್ಯಾಲಯದಲ್ಲಿ ಇಬ್ಬರ ಪ್ರತಿಮೆ ಇದೆ. ಬೆಳ್ಳಿಯ ಜಾಗ ಖಾಲಿ. ಯಾರು ಬೇಕಾದರೂ ಅಲ್ಲಿ ಹತ್ತಿ ನಿಲ್ಲಲಿ ಅಂತ ನಾರ್ಮನ್‌ನೇ ಹಾಗೆ ಬಯಸಿದ್ದ. ಪ್ರತಿಮೆಯಲ್ಲಿ ಜಾಗ ಬಿಟ್ಟದ್ದು ಅವನ ಇಷ್ಟ, ಸರಿ. ಪುಸ್ತಕದಲ್ಲಿ ಕತ್ತರಿಸುವುದು ಯಾರ ಇಷ್ಟ?

ಕತ್ತರಿಸುವುದಕ್ಕೆ ಹಳೆಯ ಗುರುಗಳೇ ಇದ್ದಾರೆ. 1920ರಲ್ಲಿ ಮಾಸ್ಕೋದಲ್ಲಿ ಲೆನಿನ್ ಭಾಷಣ ಮಾಡುವ ಚಿತ್ರದಲ್ಲಿ ಮೆಟ್ಟಿಲ ಮೇಲೆ, ಆಮೇಲೆ ಸ್ಟಾಲಿನ್‌ಗೆ ವಿರೋಧಿಯಾದ ಟ್ರಾಟ್‌ಸ್ಕಿ ನಿಂತಿದ್ದಾನೆ. ಸ್ಟಾಲಿನ್ ಕಾಲದಲ್ಲಿ ಅಚ್ಚಾದ ಪ್ರತಿಯಲ್ಲಿ ಬರೀ ಮೆಟ್ಟಿಲು. ನಿಮ್ಮ ಪುಸ್ತಕದಲ್ಲಿ ಯಾವುದಿದೆ ಅಂತ ಒಮ್ಮೆ ನೋಡಿಕೊಳ್ಳಿ. ಅಪೊಲೊ 8ರಿಂದ ಬಿಲ್ ಆಂಡರ್ಸ್ 1968ರ ಡಿಸೆಂಬರ್ 24ರಂದು ತೆಗೆದ ಭೂಮಿಯ ಚಿತ್ರವನ್ನೂ ನಾವು ತಿರುಗಿಸಿಯೇ ಹಾಕುವುದು, ಚಂದ್ರನ ನೆಲ ಕೆಳಗೆ ಬರಲಿ ಅಂತ. ಆಂಡರ್ಸ್ ಚಿತ್ರದಲ್ಲಿ ಚಂದ್ರನ ಅಂಚು ಪಕ್ಕದಲ್ಲಿ ನೆಟ್ಟಗೆ ನಿಂತಿರುತ್ತದೆ. ಇದೇನೂ ಮಹಾಪರಾಧ ಅಲ್ಲ, ತಿರುಗಿಸಿದ್ದೇವೆ ಅಂತ ಹೇಳಿದರೆ ಮುಗಿಯಿತು. ಅಮೆರಿಕದ ಆರ್ಥಿಕ ಮಹಾಕುಸಿತದ ಪಾಠದಲ್ಲಿ ಬರುವ ತಾಯಿ ಮಕ್ಕಳ ಚಿತ್ರವನ್ನು ಡೊರೊಥಿಯಾ ಲ್ಯಾಂಗ್ 1936ರಲ್ಲಿ ಸರ್ಕಾರದ ಕೆಲಸಕ್ಕೆ ಅಂತ ತೆಗೆದರು. ಆ ತಾಯಿಯ ಹೆಸರು ಕೇಳಲೇ ಇಲ್ಲ. ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಅಂತ ಲೋಕಕ್ಕೆ ಗೊತ್ತಾದದ್ದು 1978ರಲ್ಲಿ. ಅವರು ಚೆರೋಕಿ ಮೂಲನಿವಾಸಿ. ನಮ್ಮ ಅಡಿಬರಹದಲ್ಲಿ ಅವರು ಇವತ್ತಿಗೂ ಬರೀ ‘ಬಡ ತಾಯಿ’.

ನಿಮ್ಮ ಕಷ್ಟಗಳೂ ನನಗೆ ಗೊತ್ತು. ಪುಟ ಜಾಸ್ತಿ ಆಗುತ್ತದೆ ಅನ್ನಬಹುದು. ಹಾಗಿದ್ದರೆ ಚಿತ್ರ ಕಡಿಮೆ ಮಾಡಿ. ಬೆರಳುಗುರಿನಷ್ಟು ಸೈಜಿನ ಆರು ಮಸುಕು ಚಿತ್ರಕ್ಕಿಂತ ಅರ್ಧ ಪುಟದ ಒಂದೇ ಚಿತ್ರ ಸಾವಿರ ಪಾಲು ಮೇಲು. ಆ ವಾಚು, ಆ ಬ್ಯಾಡ್ಜು ಕಾಣಬೇಕಾದರೆ ಅಷ್ಟು ದೊಡ್ಡದಾದರೂ ಬೇಕು. ಪರೀಕ್ಷೆಯಲ್ಲಿ ಬರುವುದಿಲ್ಲ ಅನ್ನಬಹುದು. ಬರುವ ಹಾಗೆ ಮಾಡುವುದು ನಿಮ್ಮ ಕೈಯಲ್ಲೇ ಇದೆ ಅಲ್ವಾ? ಚಿತ್ರ ಕೊಟ್ಟು ‘ಇದನ್ನು ಯಾರು, ಯಾರಿಗಾಗಿ ತೆಗೆದಿರಬಹುದು? ಚಿತ್ರದ ಹೊರಗೆ ಏನಿರಬಹುದು?’ ಅಂತ ನಾಲ್ಕು ಮಾರ್ಕಿನ ಪ್ರಶ್ನೆ ಕೇಳಿ. ಗೈಡಿನವರು ಅದಕ್ಕೂ ಉತ್ತರ ಅಚ್ಚು ಮಾಡುತ್ತಾರೆ, ಮಾಡಲಿ ಬಿಡಿ.

ಮಕ್ಕಳಿಗೆ ಗೊಂದಲ ಆಗುತ್ತದೆ, ಯಾವ ಚಿತ್ರವನ್ನೂ ನಂಬದ ಹಾಗೆ ಆಗುತ್ತಾರೆ ಅನ್ನುವುದು ಮಾತ್ರ ಯೋಚಿಸಬೇಕಾದ ಮಾತು. ಎಲ್ಲವೂ ಸುಳ್ಳು ಅಂದುಕೊಳ್ಳುವುದು ಎಲ್ಲವನ್ನೂ ನಂಬುವಷ್ಟೇ ಕೆಟ್ಟದ್ದು. ಅದಕ್ಕೇ ರೋಸೆಂಥಾಲ್ ಕಥೆಯನ್ನೂ ಹೇಳಬೇಕು. ಅಪವಾದ ಹೊತ್ತ ಚಿತ್ರ ನಿಜವಾಗಿತ್ತು ಅಂತ ವಿಚಾರಿಸಿದ ಮೇಲೆ ತಾನೇ ಗೊತ್ತಾದದ್ದು. 1972ರ ವಿಯೆಟ್ನಾಂ ಚಿತ್ರ ನೆನಪಿರಬೇಕು. ನಪಾಮ್ ಬೆಂಕಿಯಿಂದ ಸುಟ್ಟು ಓಡಿ ಬರುವ ಒಂಬತ್ತು ವರ್ಷದ ಕಿಮ್ ಫುಕ್. ಅದನ್ನು ತೆಗೆದದ್ದು ನಿಕ್ ಉಟ್ ಹೌದೋ ಅಲ್ಲವೋ ಅಂತ 2025ರಲ್ಲಿ ದೊಡ್ಡ ವಿವಾದ ಎದ್ದಿತು. ವರ್ಲ್ಡ್ ಪ್ರೆಸ್ ಫೋಟೋ ಸಂಸ್ಥೆ ಅವರ ಹೆಸರನ್ನು ತಡೆಹಿಡಿಯಿತು, ಅಸೋಸಿಯೇಟೆಡ್ ಪ್ರೆಸ್ ಉಳಿಸಿಕೊಂಡಿತು. ಅಷ್ಟಾದರೂ ಆ ಹುಡುಗಿಗೆ ಬೆಂಕಿ ಬಿದ್ದದ್ದು ಸುಳ್ಳು ಅಂತ ಇಬ್ಬರೂ ಹೇಳಲಿಲ್ಲ. ಯಾವುದು ಖಾತ್ರಿ, ಯಾವುದರ ಬಗ್ಗೆ ತಕರಾರಿದೆ ಅಂತ ಬಿಡಿಸಿ ನೋಡುವುದು ಹದಿನಾಲ್ಕು ವರ್ಷದ ಮಕ್ಕಳಿಗೆ ಬರುವುದಿಲ್ಲ ಅಂದುಕೊಳ್ಳಬೇಡಿ. ನನ್ನ ಕ್ಲಾಸಿಗೆ ಬಂದು ನೋಡಿ.

ಈಗಂತೂ ಗಾಂಧಿ ಸೆಲ್ಫಿ ತೆಗೆದುಕೊಳ್ಳುವ ಚಿತ್ರ ಬೇಕು ಅಂದರೆ ಫೋನು ಅರೆಗಳಿಗೆಯಲ್ಲಿ ಮಾಡಿಕೊಡುತ್ತದೆ. ಮಕ್ಕಳು ದಿನಾ ಅದನ್ನೇ ನೋಡಿಕೊಂಡು ಬೆಳೆಯುತ್ತಿದ್ದಾರೆ. ಅದೇ ಗಾಂಧಿ ಚರಕದ ಪಕ್ಕ ಕೂತಿರುವ ಚಿತ್ರಕ್ಕೆ 1946ರಲ್ಲಿ ಪುಣೆಗೆ ಬಂದ ಮಾರ್ಗರೆಟ್ ಬರ್ಕ್-ವೈಟ್‌ಗೆ, ಮೊದಲು ನೂಲುವುದು ಕಲಿ, ಆಮೇಲೆ ಕ್ಯಾಮೆರಾ ತೆಗೆ ಅಂತ ಆಶ್ರಮದವರು ಹೇಳಿದ್ದರು. ಆಕೆ ಕಲಿತರು. ಫ್ಲಾಶ್ ಬಲ್ಬು ಕೈಕೊಟ್ಟ ಮೇಲೆ ಹೆಣಗಾಡಿ ಚಿತ್ರ ತೆಗೆದರು. ಫೋನು ಮಾಡಿಕೊಡುವ ಚಿತ್ರದ ಹಿಂದೆ ಇಂಥ ಯಾವ ಕಥೆಯೂ ಇರುವುದಿಲ್ಲ. ಅದನ್ನು ಗುರುತಿಸುವುದು ಹೇಗೆ ಅಂತ ಕೇಳುವ ಮಕ್ಕಳಿಗೆ ನಾನು ಮೊದಲು ಹೇಳುವುದೇ ತೆಗೆದವರ ಹೆಸರು, ಊರು, ತಾರೀಖು ಹುಡುಕಿ ಅಂತ. ಆದರೆ ಪಾಠದ ಪುಸ್ತಕದ ಚಿತ್ರಕ್ಕೇ ಅವು ಇಲ್ಲದಿದ್ದರೆ ಯಾವ ಮುಖ ಇಟ್ಟುಕೊಂಡು ಹೇಳಲಿ?

ಬರೆಯುವುದು ಹೇಗೆ ಅನ್ನುವುದಕ್ಕೆ ಬರ್ಲಿನ್ ಚಿತ್ರಕ್ಕೆ ನಾನೇ ಒಂದು ಅಡಿಬರಹ ಮಾಡಿದ್ದೇನೆ. ತಿದ್ದಿ, ಚಿಕ್ಕದು ಮಾಡಿ, ನಿಮ್ಮ ಇಷ್ಟ:

‘ಬರ್ಲಿನ್, 1945 ಮೇ 2. ಸೋವಿಯತ್ ಸುದ್ದಿಸಂಸ್ಥೆಯ ಯೆವ್ಗೆನಿ ಖಾಲ್ಡೆಯ್ ತೆಗೆದ ಚಿತ್ರ. ಕಟ್ಟಡ ಕೈವಶವಾದ ಮೇಲೆ ಬಾವುಟವನ್ನು ಮತ್ತೆ ಏರಿಸಿ ತೆಗೆದದ್ದು. ಪ್ರಕಟಿಸುವಾಗ ಸೈನಿಕನ ಕೈಯ ಒಂದು ವಾಚನ್ನು ಅಳಿಸಿ, ಹೊಗೆಯನ್ನು ದಟ್ಟ ಮಾಡಿದ್ದಾರೆ.’

ಮೂರೂವರೆ ಸಾಲು ಆಗಬಹುದು. ಮುಂದಿನ ಮುದ್ರಣಕ್ಕೆ ಪುಸ್ತಕ ಹೋಗುವ ಮುಂಚೆ ಪ್ರತಿ ಚಿತ್ರಕ್ಕೂ ಇಷ್ಟು ಆಗುತ್ತದಾ ನೋಡಿ. ಎಲ್ಲದಕ್ಕೂ ಆಗದಿದ್ದರೆ ಈ ವರ್ಷ 1857ರ ಪಾಠ, ಎರಡು ಮಹಾಯುದ್ಧದ ಪಾಠ, ಇಷ್ಟಕ್ಕೆ ಮಾಡಿ. ಚಿತ್ರಗಳ ಪಟ್ಟಿ ಕಳಿಸಿದರೆ ಅಡಿಬರಹದ ಕರಡು ಮಾಡಿಕೊಡಲು ನಾನು ಸಿದ್ಧ. ನನ್ನಂಥ ಮೇಷ್ಟ್ರುಗಳು, ಮೇಡಂಗಳು ಪ್ರತಿ ತಾಲ್ಲೂಕಿನಲ್ಲೂ ಸಿಗುತ್ತಾರೆ. ಸಂಭಾವನೆ ಬೇಡ, ಹೊಸ ಪುಸ್ತಕದ ಒಂದೊಂದು ಪ್ರತಿ ಕೊಟ್ಟರೆ ಸಾಕು.

ಇಂತಿ,
ಒಬ್ಬ ಸಮಾಜ ವಿಜ್ಞಾನ ಮೇಷ್ಟ್ರು